ಗೋಗೆ ವೆಂಟ್ ಎಲ್ಲಿಂದ ಬಂತು? ಒಂದು ಕ್ರಿಯಾಪದ ಕಲಿತ ನನ್ನ ಅನುಭವ

ಗೋ, ವೆಂಟ್, ಗಾನ್. ಶಾಲೆಯಲ್ಲಿ ಎಲ್ಲರೂ ಇದನ್ನು ಮಗ್ಗಿ ಹಾಗೆ ಬಾಯಿಪಾಠ ಮಾಡಿದವರೇ. ಆದರೆ ಗೋ, ವೆಂಟ್ ಎರಡಕ್ಕೂ ಒಂದಕ್ಷರವೂ ಹೊಂದುವುದಿಲ್ಲ, ಅಲ್ವಾ? ಸುಮ್ನೆ ಹೀಗಾಗಿರಲಾರದು ಅನ್ನಿಸಿ, ಪದಗಳ ಮೂಲ ಕೊಡುವ ಇಂಗ್ಲಿಷ್ ನಿಘಂಟು ಹಿಡಿದು ಕೂತೆ.

ಮೊದಲು ಹುಡುಕಿದ್ದು ವೆಂಟ್. ನೋಡಿದರೆ, ಅದು ಗೋ ಮನೆಯ ಪದವೇ ಅಲ್ಲ! 'ವೆಂಡ್' ಅನ್ನೋ ಬೇರೊಂದು ಕ್ರಿಯಾಪದದ ಭೂತಕಾಲ. ಹಳೆಯ ಇಂಗ್ಲಿಷಿನಲ್ಲಿ ಅದು 'ವೆಂಡನ್', ಅಂದರೆ ತಿರುಗು, ತಿರುಗಿಸು. ಜರ್ಮನ್ನರು ಈಗಲೂ ತಿರುಗಿಸು ಅನ್ನೋದಕ್ಕೆ ಇದೇ ಬೇರಿನ ಪದ ಬಳಸುತ್ತಾರೆ. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದೆ: ಸೆಂಡ್–ಸೆಂಟ್, ಬೆಂಡ್–ಬೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್. ಕೊನೆಗೆ ವೆಂಡ್–ವೆಂಟ್. ಎಷ್ಟು ಚೆನ್ನಾಗಿ ಕೂತಿತು! ನಮ್ಮಲ್ಲಿ ಬರು–ಬಂದ, ತರು–ತಂದ ಜೋಡಿಯಾಗಿ ನಡೆಯುತ್ತವಲ್ಲ, ಹಾಗೇ.

ಹಾಗಾದರೆ ಗೋಗೆ ಮೊದಲು ಭೂತಕಾಲ ಇರಲಿಲ್ವಾ? ಇತ್ತು. ಹಳೆಯ ಇಂಗ್ಲಿಷಿನಲ್ಲಿ 'ಎಯೊಡೆ' ಅನ್ನುತ್ತಿದ್ದರು. ಅದೂ ಬೇರೆ ಬೇರಿನದೇ. ಹೆಚ್ಚುಕಡಿಮೆ 1500ರ ಹೊತ್ತಿಗೆ ವೆಂಟ್ ಅದರ ಜಾಗ ಹಿಡಿಯಿತು. ಸ್ಕಾಟ್ಲೆಂಡಿನ ಕಡೆ ಮಾತ್ರ ಗೋಗೇ ಪ್ರತ್ಯಯ ಹಚ್ಚಿ 'ಗೇಡ್' ಅಂತ ಮಾಡಿಕೊಂಡರು. ಇತ್ತ ವೆಂಡ್‌ಗೆ 'ವೆಂಡೆಡ್' ಅನ್ನೋ ಹೊಸ ರೂಪ ಬಂತು. ಈಗ ವೆಂಡ್ ಹೆಚ್ಚಾಗಿ ಕಾಣಿಸೋದು 'ವೆಂಡ್ ಯುವರ್ ವೇ' ಅನ್ನೋ ಮಾತಿನಲ್ಲಿ. ನಿಧಾನವಾಗಿ, ಸುತ್ತಿಬಳಸಿ ಸಾಗೋದು ಅಂತ ಅರ್ಥ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುವುದನ್ನು ಹೇಳೋಕೆ ಇದಕ್ಕಿಂತ ಒಳ್ಳೆಯ ಪದ ನನಗೆ ಗೊತ್ತಿಲ್ಲ.

ಮೂಲ ತಿಳಿದ ಮೇಲೆ ವೆಂಟ್ ಮರೆಯುವ ಮಾತೇ ಇಲ್ಲ. ಆದರೆ ಬಳಕೆಗೆ ಬೇರೆಯದೇ ಅಭ್ಯಾಸ ಬೇಕಿತ್ತು. ಓದುವಾಗ ಸಿಕ್ಕ ವಾಕ್ಯದ ಪಕ್ಕ ನಾವು ಮನೆಯಲ್ಲಿ ಆಡುವ ಕನ್ನಡ ಬರೆಯುತ್ತಾ ಬಂದೆ. 'ದಿ ಮಿಲ್ಕ್ ವೆಂಟ್ ಬ್ಯಾಡ್' – ಹಾಲು ಕೆಟ್ಟುಹೋಯ್ತು. 'ದಿ ಪವರ್ ವೆಂಟ್ ಔಟ್' – ಕರೆಂಟ್ ಹೋಯ್ತು. ಎರಡು ಭಾಷೆಯಲ್ಲೂ ಹೋಗೋದು ಅಂದರೆ ಕೆಡೋದೂ ಹೌದು, ಇಲ್ಲವಾಗೋದೂ ಹೌದು.

ಜಾಸ್ತಿ ಹೊತ್ತು ಹಿಡಿದದ್ದು ಗಾನ್ ಮತ್ತು ಬೀನ್. 'ಶಿ ಹ್ಯಾಸ್ ಗಾನ್ ಟು ಮೈಸೂರು' ಅಂದರೆ ಅವಳಿನ್ನೂ ಅಲ್ಲೇ ಇದ್ದಾಳೆ, ಅಥವಾ ದಾರಿಯಲ್ಲಿದ್ದಾಳೆ. 'ಶಿ ಹ್ಯಾಸ್ ಬೀನ್ ಟು ಮೈಸೂರು' ಅಂದರೆ ಹೋಗಿ ವಾಪಸ್ ಬಂದಾಗಿದೆ. ವ್ಯಾಕರಣ ಪುಸ್ತಕದ ವಿವರಣೆ ಓದಿದರೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ 'ಹೋಗಿದ್ದಾಳೆ', 'ಹೋಗಿಬಂದಿದ್ದಾಳೆ' ಅಂತ ಬರೆದ ಕೂಡಲೇ ತಿಳಿಯಾಯಿತು. ಈ ವ್ಯತ್ಯಾಸ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಬೀನ್ ಬೆನ್ನು ಹತ್ತಿದ್ದೇನೆ. ಅದರ ಮನೆಯಲ್ಲಿ ಆಮ್, ಬಿ, ವಾಸ್ ಮೂರೂ ಬೇರೆ ಬೇರೆ ಬೇರಿನಿಂದ ಬಂದವು.