ನನ್ನ ಅನುಭವ: ಹಳೆಯ ಮಾರುತಿ 800ರ ಹೆಡ್ ಗ್ಯಾಸ್ಕೆಟ್ ಮತ್ತೆ ಹೋಗದಂತೆ ಮಾಡಿದ ಬಗೆ

ನಮ್ಮ ಮನೆಯ ಮಾರುತಿ 800 ಗಾಡಿ 1997ರದು, ಕಾರ್ಬ್ಯುರೇಟರ್ ಇರುವಂಥದು. ಅದರ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಸೋರದಂತೆ ಇಡುವ ತೆಳು ಹಾಳೆ, ನಾಲ್ಕು ವರ್ಷಗಳೊಳಗೆ ಮೂರು ಸಲ ಹೋಯಿತು. ಮೂರನೆಯ ಸಲ ಗಾಡಿಯನ್ನು ಹಗ್ಗ ಕಟ್ಟಿ ಸೋಮೇಶ್ವರದಿಂದ ಹೆಬ್ರಿಗೆ ಎಳೆಸಿದ ದಿನ, ಬಲ್ಲವರೆಲ್ಲ ಅದನ್ನು ಗುಜರಿಗೆ ಕೊಡುವುದೇ ಮೇಲು ಎಂದರು. ನಾಲ್ಕನೆಯ ಗ್ಯಾಸ್ಕೆಟನ್ನು 2017ರ ಮಳೆಗಾಲ ಕಳೆದ ಮೇಲೆ ನಾನೇ ಕೂರಿಸಿದೆ. ಅಲ್ಲಿಂದ ಗಾಡಿ 60,000 ಕಿಲೋಮೀಟರಿಗೂ ಹೆಚ್ಚು ಓಡಿದೆ. ಹೆಂಡತಿಯ ತವರು ತೀರ್ಥಹಳ್ಳಿಯ ಕಡೆ ಇರುವುದರಿಂದ ತಿಂಗಳಿಗೊಮ್ಮೆಯಾದರೂ ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತುತ್ತದೆ. ಗ್ಯಾಸ್ಕೆಟ್ ಇಂದಿಗೂ ಹಾಗೆಯೇ ಇದೆ.

ನನ್ನದು ಮಣಿಪಾಲದ ಬಳಿ ಒಂದು ಸಣ್ಣ ಲೇತ್ ಕಾರ್ಯಾಗಾರ. ಹೆಡ್ ಬಿಚ್ಚುವುದು, ಕಟ್ಟುವುದು ಓದುಗರಿಗೆ ಗೊತ್ತಿರುವ ಕೆಲಸವೆಂದು ತಿಳಿದು, ಎಲ್ಲಿ ತಪ್ಪಿದೆ, ಎಲ್ಲಿ ಸರಿಯಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲ ಸಲ ಕೆಲಸವನ್ನು ಊರಿನ ಒಂದು ಗ್ಯಾರೇಜಿಗೆ ಒಪ್ಪಿಸಿದ್ದೆ. ಗ್ಯಾಸ್ಕೆಟ್ ಸೆಟ್, ಹೆಡ್ ಫೇಸಿಂಗ್ (ಹೆಡ್ಡಿನ ಮೈಯನ್ನು ತುಸು ಕೆತ್ತಿ ಸಮತಟ್ಟು ಮಾಡುವುದು), ಕೂಲಿ ಎಲ್ಲ ಸೇರಿ ಆರು ಸಾವಿರದಷ್ಟಾಯಿತು. ಅಲ್ಲಿ ಥರ್ಮೋಸ್ಟಾಟನ್ನು (ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ) ತೆಗೆದು ನನ್ನ ಕೈಗೆ ಕೊಟ್ಟು, ನಮ್ಮ ಕರಾವಳಿಯ ಸೆಕೆಗೆ ಇದು ಬೇಡ ಎಂದರು. ನಾನೂ ನಂಬಿದೆ. ಸ್ವಲ್ಪ ದಿನ ಕಳೆದು ರೇಡಿಯೇಟರ್ ಜಿನುಗತೊಡಗಿದಾಗ ಅದೇ ಗ್ಯಾರೇಜಿನಲ್ಲಿ ಅರಿಶಿನ ಪುಡಿ ಹಾಕಿದರು. ಜಿನುಗುವುದು ನಿಂತಿತು. ಆದರೆ ಆ ಪುಡಿ ಕೊಳವೆಗಳ ಒಳಗಿನ ತುಕ್ಕಿನೊಂದಿಗೆ ಸೇರಿ ಕೆಸರಾಗಿ ಗಟ್ಟಿಯಾಗಿತ್ತು ಎಂಬುದು ಒಂದೂವರೆ ವರ್ಷದ ಬಳಿಕ, ಗ್ಯಾಸ್ಕೆಟ್ ಎರಡನೆಯ ಸಲ ಹೋದಾಗ ತಿಳಿಯಿತು. ರೇಡಿಯೇಟರಿನ ಕೆಳಗಿನ ಮೂರನೇ ಒಂದು ಭಾಗ ಕೈಯಿಟ್ಟರೆ ತಣ್ಣಗಿತ್ತು. ನೀರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಎರಡನೆಯ ಸಲ ಫೇಸಿಂಗನ್ನು ನನ್ನದೇ ಯಂತ್ರದಲ್ಲಿ ಮಾಡಿ, ಮೇಲೆ ಎಮರಿ ಕಾಗದದಲ್ಲಿ ತಿಕ್ಕಿ, ಮುಖ ಕಾಣುವಷ್ಟು ನುಣುಪು ಮಾಡಿದೆ. ಅದು ದೊಡ್ಡ ತಪ್ಪು. ಆ ಕಾಲದ ಕಾಂಪೊಸಿಟ್ ಗ್ಯಾಸ್ಕೆಟಿಗೆ ಹಿಡಿದುಕೊಳ್ಳಲು ಮೈಯಲ್ಲಿ ಅಷ್ಟಿಷ್ಟು ಗೆರೆ ಬೇಕು. ಕನ್ನಡಿಯಂಥ ಮೈ ಮೇಲೆ ಅದು ಜಾರುತ್ತದೆ. ಗೀರು ಉಗುರಿಗೆ ಹೌದೋ ಅಲ್ಲವೋ ಎಂಬಷ್ಟು ತಗುಲಬೇಕು, ಅದಕ್ಕಿಂತ ಹೆಚ್ಚಾಗಬಾರದು.

ಮೂರನೆಯ ಸಲ ತಪ್ಪು ಬೇರೆ ಕಡೆ ಇತ್ತು. ಎರಡು ಫೇಸಿಂಗಿನಲ್ಲಿ ಹೆಡ್ಡಿನಿಂದ ಒಟ್ಟು 0.4 ಮಿಲಿಮೀಟರಿನಷ್ಟು ಹೋಗಿತ್ತು. ಸಿಲಿಂಡರಿನ ವ್ಯಾಸ 68.5 ಮಿಲಿಮೀಟರ್, ಲೆಕ್ಕ ಹಾಕಿದರೆ ಪ್ರತಿ ದಹನ ಕೋಣೆಯಲ್ಲಿ ಸುಮಾರು ಒಂದೂವರೆ ಸಿಸಿಯಷ್ಟು ಜಾಗ ಕಡಿಮೆಯಾಗಿ ಕಂಪ್ರೆಶನ್ ಏರಿತ್ತು. ಅದರ ಮೇಲೆ ಮೈಲೇಜ್ ಚೆನ್ನಾಗಿ ಬರಲೆಂದು ಯಾರೋ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗ್ ಮುಂದೆ ಮಾಡಿದ್ದರು, ಅಂದರೆ ಕಿಡಿ ಬೇಗ ಹಾರುವಂತೆ ಮಾಡಿದ್ದರು. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ ಒತ್ತಿದಾಗ ಕೇಳುತ್ತಿದ್ದ ಟಕಟಕ ಸದ್ದನ್ನು ನಾನು ಹಳೆಯ ಟ್ಯಾಪೆಟಿನದೆಂದು ಬಿಟ್ಟಿದ್ದೆ. ಅದು ನಾಕಿಂಗ್, ಸಿಲಿಂಡರಿನೊಳಗೆ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು. ಬಿಚ್ಚಿ ನೋಡಿದಾಗ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ನಡುವೆ, ಗ್ಯಾಸ್ಕೆಟ್ ಅತ್ಯಂತ ಕಿರಿದಾಗಿರುವ ಜಾಗದಲ್ಲಿ ಉಕ್ಕಿನ ಅಂಚು ಸುಟ್ಟು ಹರಿದಿತ್ತು.

ಆಗ ಒಂದು ತೀರ್ಮಾನಕ್ಕೆ ಬಂದೆ: ಗ್ಯಾಸ್ಕೆಟ್ ಹೋಗುವ ದಿನ ಅದು ಕೆಡುವ ದಿನವಲ್ಲ, ಅದಕ್ಕೂ ತಿಂಗಳುಗಟ್ಟಲೆ ಮುಂಚಿನಿಂದ ನೀರು, ಟೈಮಿಂಗ್ ಮತ್ತು ರೇಡಿಯೇಟರ್ ಸೇರಿ ಅದನ್ನು ಕೊಲ್ಲುತ್ತಿರುತ್ತವೆ. ಗ್ಯಾಸ್ಕೆಟನ್ನು ಮಾತ್ರ ಬದಲಿಸಿದರೆ ಹಣ ಹೋಗುತ್ತದೆ, ರೋಗ ಉಳಿಯುತ್ತದೆ.

ನೀರಿನಿಂದಲೇ ಆರಂಭಿಸಿದೆ. ಅದುವರೆಗೆ ನಾನು ರೇಡಿಯೇಟರಿಗೆ ಮನೆಯ ಬಾವಿಯ ನೀರನ್ನೇ ಹಾಕುತ್ತಿದ್ದೆ. ಮನೆ ಮಲ್ಪೆಯ ಕಡೆ, ಕಡಲಿಗೆ ಹತ್ತಿರ. ಏಪ್ರಿಲ್ ಬಂತೆಂದರೆ ಬಾವಿಯ ನೀರಿಗೆ ಉಪ್ಪಿನ ರುಚಿ ಹತ್ತುತ್ತದೆ. ಮೂರು ಗಾಜಿನ ಬಾಟಲಿಗಳಲ್ಲಿ ಬೀಡು ಕಬ್ಬಿಣದ ಒಂದೊಂದು ಚೂರನ್ನೂ ಹಳೆಯ ಹೆಡ್ಡಿನ ಅಲ್ಯೂಮಿನಿಯಮ್ ಚೂರನ್ನೂ ಒಂದಕ್ಕೊಂದು ತಾಗುವಂತೆ ತಂತಿಯಲ್ಲಿ ಬಿಗಿದು ಮುಳುಗಿಸಿಟ್ಟೆ. ಒಂದರಲ್ಲಿ ಬಾವಿಯ ನೀರು, ಇನ್ನೊಂದರಲ್ಲಿ ಅಂಗಳದಲ್ಲಿ ಸ್ಟೀಲ್ ಪಾತ್ರೆಯಿಟ್ಟು ನೇರವಾಗಿ ಆಕಾಶದಿಂದ ಹಿಡಿದ ಆಷಾಢದ ಮಳೆನೀರು, ಮೂರನೆಯದರಲ್ಲಿ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್. ಐದಾರು ತಿಂಗಳ ಬಳಿಕ ಬಾವಿಯ ನೀರಿನ ತಳದಲ್ಲಿ ಕೆಂಪು ಕೆಸರು ಕೂತಿತ್ತು, ಅಲ್ಯೂಮಿನಿಯಮ್ ಮೇಲೆ ಬಿಳಿ ಹುಡಿ ಎದ್ದು ಸಣ್ಣ ಕುಳಿಗಳು ಬಿದ್ದಿದ್ದವು. ಮಳೆನೀರೇ ಗೆಲ್ಲುತ್ತದೆಂದು ನಂಬಿದ್ದೆ. ಅದರಲ್ಲಿ ಬಿಳಿ ಹುಡಿ ಕಡಿಮೆಯಿದ್ದರೂ ಕಬ್ಬಿಣ ಚೆನ್ನಾಗಿಯೇ ತುಕ್ಕು ಹಿಡಿದಿತ್ತು. ಕೂಲಂಟ್ ಇದ್ದ ಬಾಟಲಿ ಮಾತ್ರ ಇಟ್ಟ ದಿನದಷ್ಟೇ ತಿಳಿಯಾಗಿತ್ತು. ನೀರು ಎಷ್ಟು ಶುದ್ಧವಾದರೂ ತುಕ್ಕು ತಡೆಯುವ ರಾಸಾಯನಿಕ ಬೇಕೇ ಬೇಕು ಎಂಬುದು ಅಲ್ಲಿಗೆ ಖಚಿತವಾಯಿತು. ಈಗ ಒಂದು ಪಾಲು ಕೂಲಂಟಿಗೆ ಎರಡು ಪಾಲು ಡಿಸ್ಟಿಲ್ಡ್ ನೀರು ಹಾಕುತ್ತೇನೆ. ಹಿಮ ಬೀಳದ ನಮ್ಮ ಕಡೆ ಅರ್ಧಕ್ಕರ್ಧ ಹಾಕಿ ಪ್ರಯೋಜನವಿಲ್ಲ, ಏಕೆಂದರೆ ಶಾಖ ಹೊರುವುದರಲ್ಲಿ ಕೂಲಂಟಿನಲ್ಲಿರುವ ಗ್ಲೈಕಾಲಿಗಿಂತ ನೀರೇ ಮೇಲು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುತ್ತೇನೆ.

ಮೂರು ಸಲ ಕೆಟ್ಟ ಗಾಡಿಯಲ್ಲಿ ಒಬ್ಬರೂ ನೋಡದೆ ಬಿಟ್ಟದ್ದು ರೇಡಿಯೇಟರಿನ ಮುಚ್ಚಳ. ಅದರ ಮೇಲೆ 0.9 ಎಂದು ಬರೆದಿದೆ, ಅಂದರೆ ಅದು ಸುಮಾರು 0.9 ಬಾರ್ ಒತ್ತಡವನ್ನು ಒಳಗೆ ಹಿಡಿದಿಡಬೇಕು. ಆ ಒತ್ತಡ ನಿಂತರೆ ಬರಿಯ ನೀರು ಕೂಡ 118 ಡಿಗ್ರಿಯ ಆಸುಪಾಸಿನವರೆಗೆ ಕುದಿಯುವುದಿಲ್ಲ. ನನ್ನ ಮುಚ್ಚಳದ ರಬ್ಬರ್ ಬಿರಿದು ಹೋಗಿ ಒತ್ತಡವೇ ನಿಲ್ಲುತ್ತಿರಲಿಲ್ಲ, ಹಾಗಾಗಿ 100 ಡಿಗ್ರಿಗೇ ನೀರು ಕುದಿದು ಆವಿ ಹೊರಗೆ ಹೋಗುತ್ತಿತ್ತು. ಹೊಸದಕ್ಕೆ ಕೊಟ್ಟದ್ದು ನೂರೈವತ್ತೋ ಇನ್ನೂರೋ ರೂಪಾಯಿ.

ಥರ್ಮೋಸ್ಟಾಟನ್ನು ಮತ್ತೆ ಹಾಕುತ್ತೇನೆ ಎಂದಾಗ ಹೆಚ್ಚಿನ ವಿರೋಧ ಬಂತು. ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿದವರೂ ಇದರಿಂದಲೇ ಗಾಡಿ ಕಾಯುವುದು ಎಂದು ವಾದಿಸಿದರು. ಅದು ಇಲ್ಲದಿದ್ದಾಗ ನನ್ನ ಎಂಜಿನ್ ಹಿರಿಯಡ್ಕ, ಪೆರ್ಡೂರಿನ ಸಮತಟ್ಟಿನಲ್ಲಿ 65 ಡಿಗ್ರಿಯಲ್ಲಿ ತಣ್ಣಗೆ ಓಡಿ, ಘಾಟಿ ಆರಂಭವಾದ ಹತ್ತೇ ನಿಮಿಷಕ್ಕೆ 110 ದಾಟುತ್ತಿತ್ತು. ಅದೇ ಶಾಖಕ್ಕೆ ಅಲ್ಯೂಮಿನಿಯಮ್ ಹೆಡ್ ಬೀಡು ಕಬ್ಬಿಣದ ಬ್ಲಾಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಏರಿಳಿತ ದೊಡ್ಡದಾದಷ್ಟೂ ಇವೆರಡರ ನಡುವೆ ಗ್ಯಾಸ್ಕೆಟ್ ತಿಕ್ಕಿಸಿಕೊಳ್ಳುತ್ತದೆ. ಹೊಸ ಥರ್ಮೋಸ್ಟಾಟನ್ನು ಮೊದಲು ಪಾತ್ರೆಯ ನೀರಿನಲ್ಲಿ ಕಾಯಿಸಿ, ಎಷ್ಟು ಡಿಗ್ರಿಗೆ ತೆರೆಯುತ್ತದೆಂದು ನೋಡಿ ಹಾಕಿದೆ. ಕೊಂಡ ಮೂರರಲ್ಲಿ ಒಂದು ತೆರೆಯಲೇ ಇಲ್ಲ. ಪರೀಕ್ಷಿಸದೆ ಹಾಕಿದವರು ಥರ್ಮೋಸ್ಟಾಟಿನ ಮೇಲೆ ನಂಬಿಕೆ ಕಳೆದುಕೊಳ್ಳುವುದು ಇದರಿಂದಲೇ ಇರಬೇಕು.

ಇನ್ನು ಕಟ್ಟಿದ ಬಗೆ. ಸವೆದ ಹೆಡ್ ಬಿಟ್ಟು, ಮಂಗಳೂರಿನ ಗುಜರಿ ಅಂಗಡಿಯೊಂದರಿಂದ ಫೇಸಿಂಗ್ ಕಾಣದ ಹೆಡ್ ತಂದೆ, ಎರಡೂವರೆ ಸಾವಿರಕ್ಕೆ. ಎಲ್ಲರೂ ಹೆಡ್ಡಿನ ಮೇಲೆ ಅಂಚುಪಟ್ಟಿ ಇಟ್ಟು ನೋಡುತ್ತಾರೆ, ಬ್ಲಾಕಿನ ಮೇಲೆ ಇಡುವುದಿಲ್ಲ. ನಾನು ಇಟ್ಟು ನೋಡಿದೆ, 0.05 ಮಿಲಿಮೀಟರಿನ ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಎಲ್ಲೂ ನುಗ್ಗಲಿಲ್ಲ, ಆದರೆ ನೀರಿನ ಒಂದು ತೂತಿನ ಸುತ್ತ ಉಪ್ಪುನೀರು ತಿಂದ ಕುಳಿಗಳಿದ್ದವು. ಎರಡು ಸಂಜೆ ಕೂತು, ಎದ್ದಿದ್ದ ಮೈಯನ್ನು ಎಣ್ಣೆಗಲ್ಲಿನಲ್ಲಿ ಉಜ್ಜಿ ಇಳಿಸಿದೆ. ಬೋಲ್ಟಿನ ತೂತುಗಳಿಗೆ ಟ್ಯಾಪ್ ಹಾಯಿಸಿ ಗಾಳಿ ಊದಿ ಒಣಗಿಸಿದೆ, ಏಕೆಂದರೆ ತಳದಲ್ಲಿ ಎಣ್ಣೆಯೋ ನೀರೋ ಉಳಿದರೆ ಟಾರ್ಕ್ ರೆಂಚ್ ಕಟ್ಟೆಂದು ಸದ್ದು ಮಾಡುತ್ತದೆಯೇ ಹೊರತು ಬೋಲ್ಟ್ ಕೂತಿರುವುದಿಲ್ಲ. ಬೋಲ್ಟುಗಳು ಹೊಸವು. ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಕೈಪಿಡಿಯ ಅಂಕೆಗೆ ಬಿಗಿದೆ. 500 ಕಿಲೋಮೀಟರ್ ಓಡಿಸಿ, ರಾತ್ರಿಯಿಡೀ ತಣಿಸಿ, ಮತ್ತೊಮ್ಮೆ ನೋಡಿದೆ. ಆ ಎರಡನೆಯ ಬಿಗಿತದಲ್ಲಿ ಬೋಲ್ಟುಗಳನ್ನು ಯಾವ ಕ್ರಮದಲ್ಲಿ, ಎಷ್ಟು ಸಡಿಲಿಸಿ ಬಿಗಿಯುತ್ತೇನೆ ಎಂಬುದನ್ನೂ ನೀರಿನ ತೂತುಗಳ ಸುತ್ತ ಸವರುವ ಲೇಪನವನ್ನೂ ಇಲ್ಲಿ ಬರೆಯುವುದಿಲ್ಲ. ಅವು ನನ್ನ ಕಾರ್ಯಾಗಾರದ ಅನ್ನ.

ಗಾಡಿಯ ಹೀಟ್ ಮುಳ್ಳನ್ನು ನಾನು ನಂಬುವುದಿಲ್ಲ. ನೀರು ಖಾಲಿಯಾದರೆ ಸೆನ್ಸರ್ ಆವಿಯಲ್ಲಿ ತೇಲಿ, ಮುಳ್ಳು ಏರದೆಯೇ ಹೆಡ್ ಬೇಯುತ್ತದೆ. ಹಾಗಾಗಿ ಲೋಹದ ಶಾಖವನ್ನೇ ಅಳೆಯುವ ಉಂಗುರದಂಥ ಸೆನ್ಸರನ್ನು ಹೆಡ್ಡಿಗೆ ಕಚ್ಚಿಸಿ, 105 ಡಿಗ್ರಿಗೆ ಕೂಗುವ ಬಜರ್ ಕೂರಿಸಿದೆ. ಒಂದು ಸಾವಿರದೊಳಗಿನ ಖರ್ಚು. ಫ್ಯಾನಿಗೆ ಕೈಸ್ವಿಚ್ ಕೊಟ್ಟಿದ್ದೇನೆ. ಸೋಮೇಶ್ವರ ದಾಟುತ್ತಲೇ ಅದನ್ನು ಹಾಕಿ ಎಸಿ ಆರಿಸುತ್ತೇನೆ, ಮಿನಿ ಬಸ್ಸಿನ ಹಿಂದೆ ಒಂದನೆಯ ಗೇರಿನಲ್ಲಿ ತೆವಳುವಾಗ ಬೇರೆ ಗಾಳಿ ಸಿಗುವುದಿಲ್ಲ. ಈಗ ಸಮತಟ್ಟಿನಲ್ಲಿ 86ರಿಂದ 88, ಘಾಟಿಯಲ್ಲಿ 95ರಿಂದ 97. ಸೂರ್ಯಾಸ್ತ ನೋಡಲು ಮೇಲೆ ನಿಲ್ಲಿಸಿದವರು ಕೂಡಲೇ ಎಂಜಿನ್ ಆರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಪಂಪ್ ನಿಂತ ಕ್ಷಣದಿಂದ ಹೆಡ್ಡಿನ ಶಾಖ ನಿಂತ ನೀರಿಗೆ ಇಳಿಯುತ್ತದೆ. ನಾನು ಮೂರು ನಿಮಿಷ ಐಡಲ್ ಬಿಡುತ್ತೇನೆ.

ಹೊಸ ಕೋರ್ ಹಾಕಿಸಿದ ರೇಡಿಯೇಟರ್, ಗುಜರಿಯ ಹೆಡ್, ಟಾರ್ಕ್ ರೆಂಚ್ ಎಲ್ಲ ಸೇರಿ ನನಗೆ ಹದಿಮೂರು ಸಾವಿರದಷ್ಟು ಖರ್ಚಾಯಿತು. ಅದಕ್ಕೂ ಮುಂಚಿನ ಮೂರು ರಿಪೇರಿಗಳಿಗೆ ಸುರಿದದ್ದು ಹದಿನೇಳರಿಂದ ಹದಿನೆಂಟು ಸಾವಿರ.

ಥರ್ಮೋಸ್ಟಾಟ್ ಬೇಡವೆಂದು ವಾದಿಸಿದವರಲ್ಲಿ ಒಬ್ಬರು ಹೋದ ವರ್ಷ ತಮ್ಮ ಹಳೆಯ ಓಮ್ನಿಯನ್ನು ನನ್ನಲ್ಲಿಗೇ ತಂದರು. ಅದರ ಎಂಜಿನ್ ಸೀಟಿನ ಕೆಳಗಿದ್ದು ರೇಡಿಯೇಟರಿನ ಕೊಳವೆಗಳು ಉದ್ದವಾಗಿರುವುದರಿಂದ ಗಾಳಿ ಹೊರಡಿಸುವುದಕ್ಕೇ ಅರ್ಧ ದಿನ ಹಿಡಿಯಿತು. ಮುಂಭಾಗ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಗುಳ್ಳೆ ನಿಲ್ಲುವವರೆಗೆ ನೀರು ತುಂಬಿಸಿ, ಅದಕ್ಕೂ ಇಂಥದೇ ಬಜರ್ ಕೂರಿಸಿ ಕಳುಹಿಸಿದೆ. ಅವರು ಅದರಲ್ಲಿ ಚಾರ್ಮಾಡಿ ಹತ್ತಿ ಇಳಿದು ಬಂದು, ಬಜರ್ ಒಮ್ಮೆಯೂ ಕೂಗಲಿಲ್ಲ ಎಂದು ಹೇಳಿ ಹೋದರು.