ಸದ್ದೇ ಮಾಡದ ಪ್ರಾಣಿಯನ್ನು ಆಡಿಯೋದಲ್ಲಿ ಕೇಳಿಸಿದ್ದು: ನನ್ನ ಅನುಭವ

ಹಾರುವ ಓತಿಯ ಮೇಲೆ ಆಡಿಯೋ ಮಾಡುತ್ತೇನೆ ಅಂದಾಗ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಗೆಳೆಯರು ನಕ್ಕರು. "ಎಂತ ಮಾರಾಯ, ಅದು ಕೂಗುವುದೂ ಇಲ್ಲ, ವಿಡಿಯೋನೂ ಇಲ್ಲ, ಜನ ಎಂತ ಕೇಳುವುದು?" ಈಗ ನನ್ನ ಮೂರನೇ ವಾಟ್ಸ್ಯಾಪ್ ಬ್ರಾಡ್‌ಕಾಸ್ಟ್ ಪಟ್ಟಿ ಅರ್ಧ ತುಂಬಿದೆ. ಒಂದು ಪಟ್ಟಿಗೆ 256 ಜನ, ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುವುದು, ಗೊತ್ತಲ್ವಾ. ಕೇಳಿ ಕೇಳಿ ಸೇವ್ ಮಾಡಿಸಿದ್ದೇನೆ.

ಕೇಳುವವರು ಯಾರು ಅಂತ ಹೊಳೆದ ಮೇಲೆಯೇ ಇದು ಓಡಿದ್ದು. ಅಡಿಕೆ ಸುಲಿಯುವವರು! ಕೈ ಖಾಲಿ ಇಲ್ಲ, ಕಣ್ಣು ಕತ್ತಿಯ ಮೇಲೆ, ಕಿವಿ ಮಾತ್ರ ಬಿಡುವು. ಅತ್ತೆಯ ಮನೆಯ ಅಂಗಳದಲ್ಲಿ ಇದನ್ನು ಕಂಡೆ. ಅವತ್ತಿನಿಂದ ಕಂತು ಎಂಟು ನಿಮಿಷಕ್ಕೆ ಇಳಿಯಿತು. ಒಂದು ಪ್ರಾಣಿ, ಒಂದು ಕಲೆ, ಕೊನೆಗೆ ಸ್ವಲ್ಪ ಮನೆವಾರ್ತೆ. ಮೋನೋ, 64 ಕೆಬಿಪಿಎಸ್, ನಾಲ್ಕು ಎಂಬಿಯೊಳಗೆ ಮುಗಿಯುತ್ತದೆ. ನೆಟ್ ಸರಿ ಇಲ್ಲದ ಗುಡ್ಡದ ಮನೆಗೂ ಇಳಿಯುತ್ತದೆ.

ದುಡ್ಡು ಹಾಳಾದದ್ದು ಮೈಕಿನಲ್ಲಿ. ಮೂರೂವರೆ ಸಾವಿರದ ಕಂಡೆನ್ಸರ್ ಮೈಕ್ ತರಿಸಿದೆ. ನನ್ನ ಧ್ವನಿಗಿಂತ ಚೆನ್ನಾಗಿ ಪಕ್ಕದ ಮನೆಯ ಗ್ರೈಂಡರ್, ಜೀರುಂಡೆ, ಶೀಟಿನ ಮೇಲಿನ ಮಳೆ ಎಲ್ಲ ಅದರಲ್ಲಿ ಬಂತು. ನಾಯ್ಸ್ ರಿಡಕ್ಷನ್ ಜಾಸ್ತಿ ಎಳೆದರೆ ಕೊಡಪಾನದೊಳಗೆ ಕೂತು ಮಾತಾಡಿದ ಹಾಗೆ ಆಗುತ್ತದೆ. ಕೊನೆಗೆ ಭಜನೆಯವರಿಗೆ ಅರ್ಧ ಬೆಲೆಗೆ ಕೊಟ್ಟು, ಆರುನೂರೋ ಏಳುನೂರೋ ಕೊಟ್ಟು ಕಾಲರ್ ಮೈಕ್ ತಗೊಂಡೆ. ಈಗ ಎಲ್ಲ ಅದರಲ್ಲೇ, ಕಂಬಳಿ ಹೊದ್ದು.

ಓತಿಗೆ ಬರುತ್ತೇನೆ. ಬಿಸಿಲು ಏರಿದ ಮೇಲೆ ತೋಟಕ್ಕೆ ಹೋದರೆ ಅಡಿಕೆ ಮರದಲ್ಲಿ ತೊಗಟೆಯ ಬಣ್ಣಕ್ಕೇ ಅಂಟಿಕೊಂಡಿರುತ್ತದೆ. ಗಂಡು ಗಂಟಲಿನ ಹಳದಿ ಚೀಲವನ್ನು ಪಟ್ ಅಂತ ಬಿಚ್ಚಿ ಮಡಚುವಾಗ ಮಾತ್ರ ಕಾಣುವುದು. ಆಮೇಲೆ ಪಕ್ಕೆಲುಬು ಅಗಲಿಸಿ ಮುಂದಿನ ಮರಕ್ಕೆ ತೇಲಿತು, ಇರುವೆ ಹೆಕ್ಕಲು ಶುರು. ಹೆಣ್ಣು ಮೊಟ್ಟೆ ಇಡಲು ಮಾತ್ರ ಮಣ್ಣಿಗೆ ಇಳಿಯುತ್ತದೆ. ಇದನ್ನೆಲ್ಲ ಬಾಯಲ್ಲಿ ಹೇಳಬಹುದು, ಆದರೆ ನನಗೆ ಅದು ಮರಕ್ಕೆ ತಾಗುವ ಸದ್ದು ಬೇಕಿತ್ತು.

ಬಜರ್‌ನೊಳಗೆ ಇರುತ್ತದಲ್ವಾ ಪೀಜೋ ಬಿಲ್ಲೆ, ತಾಗಿದ ವಸ್ತುವಿನ ನಡುಕವನ್ನೇ ಸದ್ದಾಗಿ ಹಿಡಿಯುವಂಥದ್ದು, ಹತ್ತಿಪ್ಪತ್ತು ರೂಪಾಯಿಯದ್ದು, ಅದಕ್ಕೆ ಹಳೆ ಇಯರ್‌ಫೋನಿನ ವಯರ್ ಬೆಸುಗೆ ಹಾಕಿ ಮರಕ್ಕೆ ಕಟ್ಟಿದೆ. ಮೊದಮೊದಲು ಬರೀ ಗುಂಯ್ ಅನ್ನುತ್ತಿತ್ತು. ಗಾಳಿಗೆ ಮರ ತೂಗಿದ್ದು, ಸೋಗೆ ಉಜ್ಜಿದ್ದು, ಪಂಪ್‌ಸೆಟ್. ಪಂಪ್ ನಿಲ್ಲಿಸಿ ಎಂದರೆ ಮಾವ ಬೈದರು. ಬಿಲ್ಲೆಗೂ ತೊಗಟೆಗೂ ನಡುವೆ ಒಂದು ವಸ್ತು ಇಟ್ಟ ಮೇಲೆ ಸರಿಯಾಯಿತು. ಯಾವ ವಸ್ತು ಅಂತ ಇಲ್ಲಿ ಹೇಳುವುದಿಲ್ಲ, ಅಡುಗೆಮನೆಯಲ್ಲೇ ಇದೆ. ಎರಡು ವಾರವೋ ಏನೋ ಕಾದ ಮೇಲೆ ಒಂದು "ಟಪ್", ಹಿಂದೆಯೇ ಉಗುರು ಕೆರೆಯುವ ಸಣ್ಣ ಸದ್ದು. ಆ ಮೂರು ಸೆಕೆಂಡಿನ ಕ್ಲಿಪ್ಪಿಗೆ ಬಂದಷ್ಟು ವಾಯ್ಸ್ ಮೆಸೇಜ್ ಬೇರೆ ಯಾವುದಕ್ಕೂ ಬಂದಿಲ್ಲ.

ಮಧ್ಯೆ ಅದೇ ಬಿಲ್ಲೆಯನ್ನು ಕರಿಗೆದ್ದಲಿನ ಗೂಡಿಗೂ ಹಿತ್ತಲಿನ ಹಲಸಿಗೂ ಕಟ್ಟಿ ನೋಡಿದೆ. ಹಲಸಿನಲ್ಲಿ ಏನೂ ಇಲ್ಲ.

ಕುಂಬಳೆ ಹತ್ತಿರದ ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾ ಬಗ್ಗೆಯೂ ಮಾಡಿದೆ. 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡದ್ದು, ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡದ್ದು, ಎಲ್ಲ ಸೇರಿಸಿ ಚೆನ್ನಾಗಿಯೇ ಮಾಡಿದ್ದೆ. ಓಡಲಿಲ್ಲ! "ಗೊತ್ತುಂಟು" ಅಂದರು ಅಷ್ಟೇ. ಚಂದ್ರಗಿರಿ ಹೊಳೆಯ ಮೆದುಚಿಪ್ಪಿನ ದೈತ್ಯ ಆಮೆಗೆ, ಅದೇ ಮಲಯಾಳದ ಭೀಮನಾಮೆಗೆ, ಜಾಸ್ತಿ ಜನ ಸಿಕ್ಕಿದರು. ಮರಳಲ್ಲಿ ಹೂತು ಕಣ್ಣು ಮೂಗು ಮಾತ್ರ ಹೊರಗಿಟ್ಟು ಕೂರುವ ಪ್ರಾಣಿ ನಮ್ಮ ಹೊಳೆಯಲ್ಲೇ ಇದೆ ಅಂದರೆ ಯಾರಾದರೂ ಸುಮ್ನೆ ಇರುತ್ತಾರಾ?

ಕಲೆಯ ಭಾಗದಲ್ಲಿ ಚೆಂಡೆ ಸಾಕಾಗಿ ಹೋಯಿತು. ಹತ್ತಿರ ಇಟ್ಟರೆ ಸದ್ದು ಒಡೆಯುತ್ತದೆ, ದೂರ ಇಟ್ಟರೆ ಭಾಗವತರು ಮಾಯ. ಯಕ್ಷಗಾನ ಬಿಟ್ಟು ತೆಯ್ಯಂನ ಅಣಿಯರಕ್ಕೆ, ಅಂದರೆ ವೇಷ ಕಟ್ಟುವ ಚೌಕಿಗೆ, ಹೋದೆ, ಅಪ್ಪಣೆ ಕೇಳಿಯೇ. ವೇಷಧಾರಿ ಅಂಗಾತ ಮಲಗಿದ್ದಾರೆ, ಬರೆಯುವವರು ತೆಂಗಿನ ಗರಿಯ ಕಡ್ಡಿಯಲ್ಲಿ ಮುಖಕ್ಕೆ ಬಣ್ಣ ಎಳೆಯುತ್ತಿದ್ದಾರೆ, ಕಡ್ಡಿಯನ್ನು ಚಿಪ್ಪಿನ ಅಂಚಿಗೆ ಒರೆಸುವ ಸದ್ದು, ನಡುನಡುವೆ ಇಬ್ಬರ ಮನೆ ಮಾತು. ಆಟಕ್ಕಿಂತ ಇದು ಚೆನ್ನಾಗಿ ಬಂತು ಅಂತ ನನ್ನ ಅಭಿಪ್ರಾಯ.

ಒಟ್ಟು ಖರ್ಚು ಆರು ಸಾವಿರದ ಹತ್ತಿರ. ಆದಾಯ ಅಂತ ಕೇಳಿದರೆ, ಒಬ್ಬ ಅಡಿಕೆ ವ್ಯಾಪಾರಿ ಕಂತಿಗೆ ಮುನ್ನೂರು ಕೊಡುತ್ತಾರೆ, ನಾನು ಆ ದಿನದ ಧಾರಣೆ ಓದುತ್ತೇನೆ. ಧಾರಣೆ ಕೊನೆಯಲ್ಲಿ ಇಟ್ಟಿದ್ದೇನೆ. ಅದಕ್ಕಾದರೂ ಓತಿಯನ್ನು ಪೂರ್ತಿ ಕೇಳಬೇಕಲ್ಲ.