ಹಳೇ ಟೈರ್ ಬೆರೆಸಿ ರಸ್ತೆ ಏರಿ ಕಟ್ಟುವುದು ಹೇಗೆ?

ಮೆತ್ತನೆಯ ಜೇಡಿಮಣ್ಣಿನ ಮೇಲೆ ಎತ್ತರದ ರಸ್ತೆ ಏರಿ (ರಸ್ತೆಯನ್ನು ಹೊರುವ ದಿಬ್ಬ) ಹಾಕಿದರೆ, ಏರಿಯ ಭಾರಕ್ಕೇ ನೆಲ ಕುಸಿಯುತ್ತದೆ. ಆಗ ನೆಲವನ್ನು ಗಟ್ಟಿ ಮಾಡಬಹುದು, ಇಲ್ಲವೇ ಏರಿಯನ್ನೇ ಹಗುರ ಮಾಡಬಹುದು. ರೋಲರ್ ಹೊಡೆದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ಅಷ್ಟೇ ಜಾಗದ ಟೈರ್ ಚೂರು 600–700 ಕಿಲೋ. ಅಮೆರಿಕದ ಪೋರ್ಟ್‌ಲೆಂಡ್ (ಮೇನ್ ರಾಜ್ಯ) ವಿಮಾನ ನಿಲ್ದಾಣದ ಹತ್ತಿರ ಹೆದ್ದಾರಿ ಏರಿಯೊಂದಕ್ಕೆ ಸುಮಾರು 12 ಲಕ್ಷ ಟೈರುಗಳ ಚೂರು ತುಂಬಿದ್ದು ಇದೇ ಕಾರಣಕ್ಕೆ.

ಚೂರು ಮಾತ್ರ ತುಂಬುವುದು ಒಂದು ವಿಧಾನ. ಮಣ್ಣಿನ ಜೊತೆ ಬೆರೆಸುವುದು ಇನ್ನೊಂದು. ನಾವೀಗ ನೋಡುವುದು ಎರಡನೆಯದನ್ನು.

ಚೂರು ಆರಿಸಿ

ಇಡೀ ಟೈರ್ ಹೂತರೆ ಆಗದು, ಅದು ನಿಧಾನಕ್ಕೆ ಮೇಲೇಳುತ್ತದೆ. ಬೆರೆಸಲು 12ರಿಂದ 50 ಮಿಲಿಮೀಟರ್ ಚೂರು ಅನುಕೂಲ. ಎಣ್ಣೆ, ಗ್ರೀಸ್ ಹತ್ತಿದ್ದು, ಸುಟ್ಟದ್ದು ಬೇಡ. ಹೊರಗೆ ಚಾಚಿದ ಉಕ್ಕಿನ ತಂತಿ ಜಾಸ್ತಿ ಇದ್ದರೂ ಬೇಡ. ರಬ್ಬರ್ ಪುಡಿಯನ್ನು ಜರಡಿ ಹಿಡಿದು ತೆಗೆಯಿರಿ.

ಅಳತೆ: ತೂಕವೋ, ಗಾತ್ರವೋ?

ಹೆಚ್ಚು ಗೊಂದಲ ಆಗುವುದು ಇಲ್ಲೇ. ಮರಳಿಗೆ ಉದ್ದನೆ ಚೂರು ಬೆರೆಸುತ್ತಾ ಹೋದರೆ ಮೊದಮೊದಲು ಬಲ ಹೆಚ್ಚುತ್ತದೆ. ಚೂರುಗಳು ಬೇರಿನ ಹಾಗೆ ಮರಳನ್ನು ಹಿಡಿದಿಡುತ್ತವೆ. ಗಾತ್ರದಲ್ಲಿ, ಅಂದರೆ ಹಿಡಿಯುವ ಜಾಗದ ಲೆಕ್ಕದಲ್ಲಿ, ಶೇ 30–35 ದಾಟಿದರೆ ಬಲ ಇಳಿಯತೊಡಗುತ್ತದೆ. ಆಗ ಮರಳಿನ ಕಾಳಿಗೆ ಕಾಳು ತಾಗುವುದಿಲ್ಲ, ರಬ್ಬರಿಗೆ ರಬ್ಬರ್ ತಾಗುತ್ತದೆ, ಮಿಶ್ರಣ ಅದುಮಿದಷ್ಟೂ ಕುಗ್ಗುತ್ತದೆ.

ಮರಳು ರಬ್ಬರಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ. ಕಾಳು, ಚೂರುಗಳ ನಡುವಿನ ಸಂದುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಗಾತ್ರದಲ್ಲಿ ಶೇ 30 ಎಂದರೆ ತೂಕದಲ್ಲಿ ಬರೀ ಶೇ 16ರ ಆಸುಪಾಸು. ಯಾರೋ ಅದನ್ನೇ ತೂಕದ ಶೇ 30 ಎಂದು ಓದಿಕೊಂಡರೆ? ಗಾತ್ರದಲ್ಲಿ ಹೆಚ್ಚುಕಮ್ಮಿ ಅರ್ಧ ರಬ್ಬರೇ ಆಗಿಬಿಡುತ್ತದೆ! ಟೆಂಡರ್ ಕಾಗದದಲ್ಲಿ ಬರೀ 'ಶೇ 30' ಎಂದು ಬರೆದು ಬಿಡುವುದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಹಾಗಂತ ಅರ್ಧಕ್ಕರ್ಧ ಬೆರೆಸಬಾರದು ಅಂತೇನಿಲ್ಲ. ಅಮೆರಿಕದ ಇಂಡಿಯಾನಾದಲ್ಲಿ ಗಾತ್ರದ ಲೆಕ್ಕದಲ್ಲಿ ಸಮ ಪಾಲು ಬೆರೆಸಿಯೇ ಪರೀಕ್ಷೆಗೆಂದು ಏರಿ ಕಟ್ಟಿದ್ದಾರೆ. ಅದು ಗೊತ್ತಿದ್ದು ಮಾಡಿದ್ದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಮರಳು–ರಬ್ಬರ್ ಮಿಶ್ರಣದ ಪ್ರಯೋಗಗಳು ನಡೆದಿವೆ. ಚೂರಿನ ಉದ್ದಗಲ ಬದಲಾದರೆ ಬಲವೂ ಬದಲಾಗುತ್ತದೆ. ಹಾಗಾಗಿ ನಿಮ್ಮ ಚೂರು, ನಿಮ್ಮ ಮರಳನ್ನೇ ಲ್ಯಾಬಿಗೆ ಕೊಟ್ಟು ಪರೀಕ್ಷಿಸಿ.

ಬೆರೆಸಿ, ಹರಡಿ

ಒಣ ಮರಳು ಕೆಳಗೆ ಸೋರಿ, ಚೂರು ಮೇಲೆ ಬರುತ್ತದೆ. ತುಸು ನೀರು ಚಿಮುಕಿಸಿ, ಜೆಸಿಬಿಯಿಂದ ಮಗುಚಿ. ಅಂಟು ಜೇಡಿ ಹೆಂಟೆ ಕಟ್ಟುತ್ತದೆ, ಸರಿಯಾಗಿ ಬೆರೆಯುವುದಿಲ್ಲ. ಮರಳೇ ವಾಸಿ.

ನೆಲದ ಮೇಲೆ ಮೊದಲು ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವ ಕೃತಕ ನಾರಿನ ಬಟ್ಟೆ) ಹಾಸಿ. ಮಿಶ್ರಣವನ್ನು 30 ಸೆಂಟಿಮೀಟರ್ ದಪ್ಪದ ಪದರಗಳಲ್ಲಿ ಹರಡಿ. ಪ್ರತಿ ಪದರದ ಮೇಲೂ 10 ಟನ್ ರೋಲರ್ ಕನಿಷ್ಠ ಆರು ಸಲ ಓಡಲಿ. ರೋಲರ್ ಮುಂದೆ ಹೋದ ಮೇಲೆ ರಬ್ಬರ್ ಮತ್ತೆ ಉಬ್ಬುತ್ತದೆ, ಗಾಬರಿ ಬೇಡ.

ಬೆಂಕಿ, ನೀರು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1995ರಲ್ಲಿ ಕಟ್ಟಿದ ಎರಡು ರಸ್ತೆ ಏರಿಗಳು ಒಳಗಿಂದೊಳಗೇ ಕಾದು ಹೊಗೆಯಾಡಿದವು. ಎರಡರಲ್ಲೂ ಬರೀ ಚೂರನ್ನೇ 8 ಮೀಟರಿಗೂ ಜಾಸ್ತಿ ದಪ್ಪಕ್ಕೆ ತುಂಬಿದ್ದರು. ತೆರೆದ ತಂತಿ, ರಬ್ಬರ್ ಪುಡಿ, ಒಳಹೊಕ್ಕ ಗಾಳಿ ಮತ್ತು ನೀರು ಸೇರಿ ಶಾಖ ಹುಟ್ಟಿಸಿದವು ಎಂಬುದು ತಜ್ಞರ ಮಾತು. ಆಮೇಲೆ ಬಂದ ನಿಯಮದ ಪ್ರಕಾರ ಬರೀ ಚೂರು ತುಂಬಿದ ಒಂದು ಪದರದ ಒಟ್ಟು ದಪ್ಪ 3 ಮೀಟರ್ ದಾಟಬಾರದು. ಮರಳು ಬೆರೆತರೆ ಸಂದು ತುಂಬಿ ಗಾಳಿ ಓಡಾಟ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಮಿಶ್ರಣದ ಪರ ದೊಡ್ಡ ವಾದವೇ ಇದು.

ಚೂರಿನಿಂದ ಕಬ್ಬಿಣ, ಮ್ಯಾಂಗನೀಸ್ ನೀರಿಗೆ ಇಳಿಯುತ್ತವೆ. ಹಾಗಾಗಿ ಅಂತರ್ಜಲ ಮಟ್ಟಕ್ಕಿಂತ ಮೇಲೆಯೇ ತುಂಬಿ.

ಕೊನೆಗೆ ಮುಚ್ಚಿಗೆ

ಬಟ್ಟೆಯನ್ನು ಮೇಲೂ ಮಡಚಿ, ಅದರ ಮೇಲೆ ಸುಮಾರು ಒಂದು ಮೀಟರ್ ಒಳ್ಳೆಯ ಮಣ್ಣು ಹಾಕಿ. ಈ ಭಾರಕ್ಕೆ ಮಿಶ್ರಣ ಕುಗ್ಗುವುದರಿಂದ ಮೊದಲೇ ಏರಿಯನ್ನು ತುಸು ಎತ್ತರ ಕಟ್ಟಿರಬೇಕು. ಕುಗ್ಗುವಿಕೆಯ ಹೆಚ್ಚಿನ ಪಾಲು ಮೊದಲ ಎರಡು ತಿಂಗಳಲ್ಲೇ ಮುಗಿಯುತ್ತದೆ. ಅಲ್ಲಿಯವರೆಗೆ ಡಾಂಬರು ಹಾಕಬೇಡಿ, ಸುಮ್ನೆ ಬಿರುಕು ಬರುತ್ತದೆ.